ಬೋಟ್ ಬ್ಯಾಟರಿ ಮಳೆಗಾಲದಲ್ಲೇ ಸಾಯೋದೇಕೆ? ಹೊಸತು ತರುವ ಮೊದಲು ಹಳೇ ಚಾರ್ಜರ್ ನೋಡಿ

ಜೂನ್ 1ರಿಂದ ಜುಲೈ 31ರವರೆಗೆ ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ ಬಂದರುಗಳಲ್ಲಿ ಈ 61 ದಿನ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಬಲೆ ದುರಸ್ತಿ, ಪೇಂಟ್, ಇಂಜಿನ್ ಕೆಲಸಕ್ಕೆ ಮಾಲೀಕರು ಹೇಗಾದರೂ ದುಡ್ಡು ಹೊಂದಿಸುತ್ತಾರೆ. ಬ್ಯಾಟರಿ ಮಾತ್ರ ಮನೆಯ ಜಗಲಿ ಮೂಲೆಗೋ ಬಲೆ ಇಡುವ ಶೆಡ್ಡಿಗೋ ಸೇರುತ್ತದೆ. ಆಗಸ್ಟಿನಲ್ಲಿ ತಂದು ಜೋಡಿಸಿ ಸೆಲ್ಫ್ ಹೊಡೆದರೆ ‘ಟಕ್’ ಅಂತ ಒಂದು ಶಬ್ದ, ಅಷ್ಟೇ. ಕೂಡಲೇ ಬ್ಯಾಟರಿ ಅಂಗಡಿಗೆ ಓಟ. ಹಾಗೆ ತಂದ ಹೊಸ ಬ್ಯಾಟರಿಯೂ ಎರಡು ಮಳೆಗಾಲ ದಾಟುವಷ್ಟರಲ್ಲಿ ಅದೇ ಗತಿಗೆ ಬರುತ್ತದೆ. ಯಾಕಂದ್ರೆ ಬ್ಯಾಟರಿ ಬದಲಾಗುತ್ತೆ, ಶೆಡ್ಡಿನಲ್ಲಿರುವ ಹದಿನೈದು ವರ್ಷದ ಹಳೇ ಚಾರ್ಜರ್ ಬದಲಾಗೋದಿಲ್ಲ.

ದಕ್ಕೆಯಲ್ಲಿ ಬ್ಯಾಟರಿ ಕೈ ಕೊಟ್ಟರೆ ಪಕ್ಕದ ಬೋಟಿನಿಂದ ವಯರ್ ಎಳೆದು ಸ್ಟಾರ್ಟ್ ಮಾಡಬಹುದು. ಕಡಲಿನ ನಡುವೆ ಆ ಅನುಕೂಲ ಇಲ್ಲ. ಫ್ಯಾನಿಗೆ ಬಲೆ ಸಿಕ್ಕಿ ಇಂಜಿನ್ ನಿಲ್ಲಿಸಿದಾಗ ವೈರ್‌ಲೆಸ್, ಜಿಪಿಎಸ್, ರಾತ್ರಿ ದೀಪ ಎಲ್ಲ ನಡೆಯೋದು ಬ್ಯಾಟರಿಯಲ್ಲೇ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಸಹಾಯ ಕೇಳಲು ಇರುವುದು ವಿಎಚ್‌ಎಫ್‌ನ 16ನೇ ಚಾನೆಲ್. ಬ್ಯಾಟರಿ ಡೌನ್ ಆದ್ರೆ ಅದೂ ಬಂದ್. ಟ್ರಾಲ್ ಬೋಟಿನ ಇಂಜಿನನ್ನು ಕೈಯಲ್ಲಿ ತಿರುಗಿಸಿ ಹೊತ್ತಿಸೋಕೂ ಆಗಲ್ಲ.

ಸುಮ್ಮನೆ ಇಟ್ಟ ಬ್ಯಾಟರಿ ಯಾಕೆ ಹಾಳಾಗಬೇಕು ಅನ್ನೋದು ಹಲವರ ಪ್ರಶ್ನೆ. ಆಸಿಡ್ ಬ್ಯಾಟರಿ ಯಾವತ್ತೂ ಪೂರ್ತಿ ಸುಮ್ಮನೆ ಇರೋದಿಲ್ಲ. ಬಳಸದಿದ್ದರೂ ತಿಂಗಳಿಗೆ ಸುಮಾರು ನೂರಕ್ಕೆ ಐದು ಪಾಲು ಚಾರ್ಜ್ ತಾನಾಗಿ ಇಳಿಯುತ್ತದೆ. ಹಳೆಯದಾದಷ್ಟೂ, ಸೆಕೆ ಹೆಚ್ಚಿದಷ್ಟೂ ಇದು ಜೋರು. ಚಾರ್ಜ್ ಇಳಿದಾಗ ಒಳಗಿನ ಸೀಸದ ಪ್ಲೇಟಿನ ಮೇಲೆ ಬಿಳಿ ಪುಡಿ ಕೂರುತ್ತದೆ. ಇದು ಲೆಡ್ ಸಲ್ಫೇಟ್. ಬೇಗ ಚಾರ್ಜ್ ಮಾಡಿದರೆ ಕರಗಿ ಹೋಗುತ್ತೆ. ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಬಿಡೋದಿಲ್ಲ. ಅಷ್ಟು ಭಾಗ ಬ್ಯಾಟರಿ ಸತ್ತಂತೆಯೇ ಲೆಕ್ಕ.

ಬ್ಯಾಟರಿಯನ್ನು ಬೋಟಿನಲ್ಲೇ ಬಿಟ್ಟವರ ಕಥೆ ಇನ್ನೂ ಕಷ್ಟ. ಸಣ್ಣ ದೀಪವೋ, ಆಫ್ ಮಾಡಲು ಮರೆತ ಸೆಟ್ಟೋ, ಉಪ್ಪು ನೀರು ಹಿಡಿದ ವಯರೋ ಬರೀ 100 ಮಿಲಿ ಆಂಪ್ ಎಳೆಯುತ್ತಿದೆ ಅಂತಿಟ್ಟುಕೊಳ್ಳಿ. ಆಂಪಿಯರಿನ ಹತ್ತನೇ ಒಂದು ಪಾಲು, ಏನೂ ಅಲ್ಲ ಅನಿಸುತ್ತೆ. 60 ದಿನ ಅಂದ್ರೆ 1440 ಗಂಟೆ. ಗುಣಿಸಿದರೆ 144 ಆಂಪಿಯರ್ ಅವರ್. 150 ಎಎಚ್ ಬ್ಯಾಟರಿ ಹೆಚ್ಚುಕಮ್ಮಿ ಪೂರ್ತಿ ಖಾಲಿ! ಮೇನ್ ಸ್ವಿಚ್ ಆಫ್ ಮಾಡಿದ್ದೇವೆ ಅಂತ ನಂಬಿ ಕೂರಬೇಡಿ, ಎಷ್ಟೋ ಬೋಟುಗಳಲ್ಲಿ ಕೆಲವು ವಯರ್ ಸ್ವಿಚ್ ದಾಟಿ ನೇರ ಟರ್ಮಿನಲ್ಲಿಗೇ ಹೋಗಿರುತ್ತವೆ. ನೆಗೆಟಿವ್ ವಯರ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿಟ್ಟರೆ ಈ ತಲೆನೋವಿಲ್ಲ. ಹಾಕುವಾಗ ಇದರ ಉಲ್ಟಾ.

ಇನ್ನು ಚಾರ್ಜರ್ ವಿಷಯ. ಶೆಡ್ಡುಗಳಲ್ಲಿ, ಹಳೇ ಗ್ಯಾರೇಜುಗಳಲ್ಲಿ ಇರುವುದು ಹೆಚ್ಚಾಗಿ ಭಾರದ ತಗಡಿನ ಡಬ್ಬಿ. ಒಳಗೆ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಮೇಲೆ ಒಂದು ಆಂಪ್ ಮುಳ್ಳು. ಗಟ್ಟಿ ಮಾಲು, ಸುಲಭಕ್ಕೆ ಹಾಳಾಗಲ್ಲ ಅನ್ನೋದು ನಿಜ. ಆದರೆ ಬ್ಯಾಟರಿ ತುಂಬಿತೋ ಇಲ್ಲವೋ ಅಂತ ಅದಕ್ಕೆ ಗೊತ್ತಾಗೋದಿಲ್ಲ. ಲೈನಿನಲ್ಲಿ ಎಷ್ಟು ವೋಲ್ಟೇಜ್ ಬರುತ್ತೋ ಅದರ ಅಳತೆಗೆ ತಕ್ಕಂತೆ ಹೊರಗೆ ಕೊಡುತ್ತದೆ. 230 ವೋಲ್ಟ್ ಇರುವಾಗ 14.4 ಕೊಡುವ ಚಾರ್ಜರ್, ಲೈನ್ 250ಕ್ಕೆ ಏರಿದರೆ ಹತ್ತಿರ ಹತ್ತಿರ 15.6ರವರೆಗೆ ತಳ್ಳುತ್ತದೆ. ತುಂಬಿದ ಬ್ಯಾಟರಿಗೆ ಇದು ವಿಷ. ನೀರು ಕುದಿದ ಹಾಗೆ ಗುಳ್ಳೆ ಏಳುತ್ತೆ, ಪ್ಲೇಟು ಉದುರುತ್ತೆ.

ಮಳೆಗಾಲದ ಲೋ ವೋಲ್ಟೇಜಿನಲ್ಲಿ ಇದೇ ಡಬ್ಬಿ ಇನ್ನೊಂದು ರೀತಿ ಮೋಸ ಮಾಡುತ್ತೆ. ಲೈನ್ 200ಕ್ಕೆ ಇಳಿದರೆ ಅದು ಕೊಡಬಲ್ಲದ್ದು 12.5 ವೋಲ್ಟ್. ಅಷ್ಟರಲ್ಲಿ ಬ್ಯಾಟರಿ ಏರುವುದೇ ಇಲ್ಲ, ಮುಳ್ಳು ಸೊನ್ನೆಯ ಹತ್ತಿರ ನಿಲ್ಲುತ್ತದೆ. ನೋಡಿದವರು ಚಾರ್ಜ್ ಫುಲ್ ಅಂದುಕೊಂಡು ಕ್ಲಿಪ್ ತೆಗೆಯುತ್ತಾರೆ. ಅರ್ಧ ಚಾರ್ಜಿನ ಬ್ಯಾಟರಿ ಮೂಲೆಯಲ್ಲಿ ಹರಳುಗಟ್ಟಲು ಶುರು. ಬ್ಯಾಟರಿ ಸರಿ ಇಲ್ಲ ಅಂತ ಬೈಸಿಕೊಳ್ಳೋದು ಕೊನೆಗೆ ಅಂಗಡಿಯವರು.

ಹಾಗಾಗಿ ಮುಳ್ಳು ನೋಡಿ ತೀರ್ಮಾನ ಮಾಡಬೇಡಿ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ ಸಾದಾ ಮಲ್ಟಿಮೀಟರ್ ಸಾಕು. ಚಾರ್ಜ್ ನಡೆಯುವಾಗಲೇ ಬ್ಯಾಟರಿ ಟರ್ಮಿನಲ್ ಮೇಲೆ ಡಿಸಿಯಲ್ಲಿ ಹಿಡಿಯಿರಿ. ಕೊನೆಕೊನೆಗೆ 14.4ರ ಆಸುಪಾಸು ಬರಬೇಕು. 13ರ ಹತ್ತಿರವೇ ನಿಂತರೆ ಚಾರ್ಜರ್ ಸಾಲುತ್ತಿಲ್ಲ, 15 ದಾಟಿದರೆ ಕೂಡಲೇ ಬಿಡಿಸಿ. ಚಾರ್ಜರ್ ತೆಗೆದು ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. 12.6 ಅಥವಾ ಮೇಲಿದ್ದರೆ ಫುಲ್, 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಆ ದಿನವೇ ಚಾರ್ಜಿಗೆ ಹಾಕಬೇಕು, ನಾಳೆ ಅನ್ನಬಾರದು.

ಹಳೇ ಚಾರ್ಜರಿನ ಇನ್ನೊಂದು ಕಾಯಿಲೆ, ನಾಲ್ಕರಲ್ಲಿ ಒಂದು ಡಯೋಡ್ ಹೋಗಿರುವುದು. ಆಗ ಕರೆಂಟ್ ಅರ್ಧಕ್ಕೆ ಇಳಿಯುತ್ತೆ, ಟ್ರಾನ್ಸ್‌ಫಾರ್ಮರ್ ಮೊದಲಿಗಿಂತ ಜೋರಾಗಿ ಗುಂಯ್ ಅನ್ನುತ್ತೆ, ಬಿಸಿ ಏರುತ್ತೆ. ಮೀಟರನ್ನು ಎಸಿಗೆ ಇಟ್ಟು ನೋಡಿದರೆ ಗೊತ್ತಾಗುತ್ತೆ ಅಂತ ಕೆಲವರು ಹೇಳ್ತಾರೆ. ಒಳ್ಳೆ ಮೀಟರಿಗೆ ಸರಿ. ಅಗ್ಗದ ಮೀಟರ್ ಬರೀ ಬ್ಯಾಟರಿ ಮೇಲೆ ಹಿಡಿದರೂ ಎಸಿಯಲ್ಲಿ 25, 26 ಅಂತ ತೋರಿಸಿ ಗಾಬರಿ ಮಾಡುವುದುಂಟು. ಅನುಮಾನ ಇದ್ದರೆ ರಿಪೇರಿ ಅಂಗಡಿಗೆ ಒಯ್ಯಿರಿ. ಡಯೋಡ್ ಬದಲಿಸೋದು ದೊಡ್ಡ ಕೆಲಸ ಅಲ್ಲ. ಆದರೆ ಸುಟ್ಟ ವಾಸನೆ ಬಂದರೆ, ಡಬ್ಬಿ ಮುಟ್ಟಿದಾಗ ಜುಂ ಅಂದರೆ ಆ ಚಾರ್ಜರಿನ ಆಯಸ್ಸು ಮುಗಿಯಿತು. ಒದ್ದೆ ನೆಲ, ಅರ್ಥಿಂಗ್ ಇಲ್ಲದ ಪಾಯಿಂಟ್, ತುಕ್ಕು ಹಿಡಿದ ಡಬ್ಬಿ ಮೂರೂ ಸೇರಿದರೆ ಹೋಗೋದು ಬ್ಯಾಟರಿ ಅಲ್ಲ, ಜೀವ.

ಹೊಸ ಆಟೊಮ್ಯಾಟಿಕ್ ಚಾರ್ಜರ್ ಮೊದಲು ಜೋರಾಗಿ ತುಂಬಿಸಿ, 14.4ರಲ್ಲಿ ಹಿಡಿದು, ಆಮೇಲೆ ತಾನಾಗಿ 13.5ರ ಹತ್ತಿರಕ್ಕೆ ಇಳಿಯುತ್ತದೆ. ಕೊಳ್ಳುವಾಗ ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಪಾಲು ಆಂಪ್ ಇರುವುದನ್ನು ಕೇಳಿ. 150 ಎಎಚ್‌ಗೆ 15 ಆಂಪ್. ಬದಲಿಸಲು ಈ ವರ್ಷ ಆಗದಿದ್ದರೆ ಹಳೆಯದರಲ್ಲೇ ಸುಧಾರಿಸಬಹುದು, ಆದರೆ ಹಾಕಿ ಮರೆತುಬಿಡುವ ಹಾಗಿಲ್ಲ. 15 ದಿನಕ್ಕೊಮ್ಮೆ, ಹಗಲು ಹೊತ್ತು, ಯಾರಾದರೂ ಇರುವಾಗ ಕೆಲವು ಗಂಟೆ ಹಾಕಿ, ಮೀಟರ್ ಹಿಡಿದು ನೋಡಿ ತೆಗೆಯಬೇಕು.

24 ವೋಲ್ಟಿನ ಬೋಟುಗಳಲ್ಲಿ ಎರಡು ಬ್ಯಾಟರಿ ಸರಣಿಯಲ್ಲಿರುತ್ತವೆ. ವೈರ್‌ಲೆಸ್ ಸೆಟ್, ಫಿಶ್ ಫೈಂಡರ್ 12 ವೋಲ್ಟಿನದ್ದು ಅಂತ ಒಂದೇ ಬ್ಯಾಟರಿಯಿಂದ ವಯರ್ ಎಳೆದಿರುತ್ತಾರೆ. ಆ ಬ್ಯಾಟರಿ ಯಾವಾಗಲೂ ಅರೆಹೊಟ್ಟೆ, ಇನ್ನೊಂದಕ್ಕೆ ಅಜೀರ್ಣ. ಡೈನಮೋ 24ರ ಲೆಕ್ಕದಲ್ಲಿ ಎರಡಕ್ಕೂ ಸೇರಿಸಿ ಚಾರ್ಜ್ ಕೊಡುವುದರಿಂದ ಈ ವ್ಯತ್ಯಾಸ ತಾನಾಗಿ ಸರಿಹೋಗಲ್ಲ. 24ರಿಂದ 12 ಮಾಡುವ ಕನ್ವರ್ಟರ್ ಹಾಕಿದರೆ ಮುಗಿಯಿತು. ಒಂದು ಹೋಯಿತು ಅಂತ ಒಂದೇ ಹೊಸತು ತಂದು ಹಳೆಯದರ ಜೊತೆ ಜೋಡಿಸೋದೂ ಇದೇ ತಪ್ಪು. ಮಳೆಗಾಲದಲ್ಲಿ ಎರಡನ್ನೂ ಬಿಡಿಸಿ ಬೇರೆಬೇರೆಯಾಗಿ ಚಾರ್ಜ್ ಮಾಡಿ.

ನೀರು ಹಾಕೋದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜಿನಲ್ಲಿ ಉಬ್ಬಿ ಆಸಿಡ್ ಹೊರಚೆಲ್ಲುತ್ತೆ. ಪ್ಲೇಟೇ ಕಾಣುವಷ್ಟು ಇಳಿದಿದ್ದರೆ ಮಾತ್ರ ಮೊದಲು ಅದು ಮುಳುಗುವಷ್ಟು ಹಾಕಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಬೇಡ. ಕರಾವಳಿಯ ಬಾವಿ ನೀರಿನಲ್ಲಿ ಉಪ್ಪಿನಂಶ ಇರುತ್ತದೆ. ಮಳೆ ನೀರು ಶುದ್ಧ ಅನ್ನುವ ಹಳಬರ ಮಾತು ಕೇಳಲು ಚೆಂದ, ಆದರೆ ತಗಡಿನ ಮಾಡಿನಿಂದ ಇಳಿದ ನೀರಿನಲ್ಲಿ ತುಕ್ಕು ಇರುತ್ತೆ, ಕಡಲ ಗಾಳಿಯ ಉಪ್ಪೂ ಇರುತ್ತೆ. ಆಸಿಡ್ ಚೆಲ್ಲಿ ಹೋಗದೆ ಇದ್ದರೆ ಆಸಿಡ್ ಹಾಕುವ ಮಾತೇ ಇಲ್ಲ. ಹೈಡ್ರೋಮೀಟರಿನಲ್ಲಿ, ಅಂಗಡಿಯವರ ಬಾಯಲ್ಲಿ ಹೇಳುವ ಹಾಗೆ, 1250 ಬಂದರೆ ಸೆಲ್ ಚೆನ್ನಾಗಿದೆ. ಐದು ಸೆಲ್ 1250 ತೋರಿಸಿ ಒಂದು ಮಾತ್ರ 1200ಕ್ಕಿಂತ ಕೆಳಗಿದ್ದರೆ ಆ ಸೆಲ್ ಹೋಗಿದೆ, ಇದು ಚಾರ್ಜರಿನ ತಪ್ಪಲ್ಲ, ಬ್ಯಾಟರಿ ಬದಲಿಸಲೇಬೇಕು.

ಚಾರ್ಜ್ ಆಗುವಾಗ ಬರುವ ಗ್ಯಾಸ್ ಹೈಡ್ರೋಜನ್. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿಗೆ ಸಿಡಿಯುತ್ತೆ. ಮಲಗುವ ಕೋಣೆಯಲ್ಲಿ, ಗ್ಯಾಸ್ ಒಲೆ ಹತ್ತಿರ ಚಾರ್ಜಿಗೆ ಹಾಕಬೇಡಿ. ಪ್ಲಗ್ ಆಫ್ ಮಾಡಿಯೇ ಕ್ಲಿಪ್ ತೆಗೆಯಿರಿ, ಬೀಡಿ ದೂರ ಇರಲಿ. ಬೋಟಿನ ಒಳಗೆ ಬ್ಯಾಟರಿ ಆಸಿಡ್‌ಗೆ ಕಡಲ ನೀರು ಸೇರಿದರೆ ಕ್ಲೋರಿನ್ ಬರುತ್ತೆ, ಇದು ಉಸಿರುಗಟ್ಟಿಸುವ ವಿಷಗಾಳಿ. ಬ್ಯಾಟರಿ ಪೆಟ್ಟಿಗೆ ಎತ್ತರದಲ್ಲಿರಬೇಕು ಅನ್ನೋದು ಅದಕ್ಕೇ.

ಪೇಟೆಯ ಅಂಗಡಿಗಳ ಇನ್ವರ್ಟರ್ ಬ್ಯಾಟರಿಗೂ ನೀರು, ಗಾಳಿಯ ಲೆಕ್ಕ ಇದೇ. ಸೀಲ್ಡ್ ಬ್ಯಾಟರಿಗೆ ನೀರು ಹಾಕುವ ದಾರಿ ಇಲ್ಲದ್ದರಿಂದ ಹಳೇ ಡಬ್ಬಿ ಚಾರ್ಜರ್ ಬೇಡವೇ ಬೇಡ. ಲಿಥಿಯಂ ಬ್ಯಾಟರಿಗೆ ಅದರದ್ದೇ ಚಾರ್ಜರ್ ಬೇಕು.

ಜುಲೈ ಕೊನೆಗೆ ಬೋಟಿಗೆ ಒಯ್ಯುವ ಮೊದಲು ಟರ್ಮಿನಲ್ಲಿನ ಹಸಿರು, ಬಿಳಿ ಪುಡಿಯನ್ನು ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒರೆಸಿ, ವಯರ್ ಬಿಗಿದು ಮೇಲೆ ವ್ಯಾಸಲಿನ್ ಹಚ್ಚಿ. ತೊಳೆಯುವಾಗ ಸೆಲ್ ಮುಚ್ಚಳ ಹಾಕಿರಲಿ, ಸೋಡಾ ಒಳಗೆ ಇಳಿಯಬಾರದು. ಸೆಲ್ಫ್ ಹೊಡೆಯುವಾಗ ಒಬ್ಬರು ಮೀಟರ್ ಹಿಡಿದಿರಿ. 12 ವೋಲ್ಟಿನ ಯಾವ ಬ್ಯಾಟರಿ 9.6ಕ್ಕಿಂತ ಕೆಳಗೆ ಕುಸಿಯುತ್ತದೋ ಅದನ್ನು ದಕ್ಕೆಯಲ್ಲೇ ಇಳಿಸಿ. ಹಳೆಯದನ್ನು ಬ್ಯಾಟರಿ ಅಂಗಡಿಗೆ ವಾಪಸ್ ಕೊಟ್ಟರೆ ಹೊಸತರ ಬೆಲೆಯಲ್ಲಿ ಸ್ವಲ್ಪ ಕಡಿತ ಸಿಗುತ್ತದೆ. ತೂಕ ಕಡಿಮೆ ಮಾಡಲು ಆಸಿಡ್ಡನ್ನು ಹೊಳೆಗೆ ಚೆಲ್ಲಬೇಡಿ.