ವೀಸಾ ಸಿಕ್ಕರೆ ಸಾಲದು, ವಾಸಕ್ಕೂ ಅನುಮತಿ ಬೇಕು

ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ. ಋಗ್ವೇದವನ್ನು ಸಂಪಾದಿಸಿ ಪ್ರಕಟಿಸಿದ ವಿದ್ವಾಂಸನ ಹೆಸರು ಹೊತ್ತ ಈ ಸಂಸ್ಥೆ ಜರ್ಮನ್ ಭಾಷೆ ಕಲಿಸುತ್ತದೆ. ಮೆಟ್ರೊ ನಿಲ್ದಾಣ ಅದೇ ರಸ್ತೆಯಲ್ಲಿರುವುದರಿಂದ ಹಲಸೂರಿನವರಿಗೂ, 2023ರ ಅಕ್ಟೋಬರ್‌ನಿಂದೀಚೆಗೆ ಕೆ.ಆರ್. ಪುರದವರಿಗೂ ಇಲ್ಲಿಗೆ ಬರುವುದು ಸುಲಭ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕೋರ್ಸುಗಳಿಗೆ ಬೋಧನಾ ಶುಲ್ಕವಿಲ್ಲ ಎಂಬುದೇ ಅಲ್ಲಿನ ಮುಖ್ಯ ಆಕರ್ಷಣೆ. (ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ವಿಧಿಸುತ್ತಿದೆ.) ಆದರೆ ಶುಲ್ಕವಿಲ್ಲವೆಂದರೆ ಖರ್ಚಿಲ್ಲವೆಂದಲ್ಲ. ಅನೇಕ ಪೋಷಕರು ಎಡವುವುದು ಇಲ್ಲಿಯೇ.

ಹಣದ ಲೆಕ್ಕ

ಅಲ್ಲಿ ಒಂದು ವರ್ಷ ಬದುಕಲು ಹಣವಿದೆಯೆಂದು ವಿದ್ಯಾರ್ಥಿ ತೋರಿಸಬೇಕು. ಇದಕ್ಕೆ ಸಾಮಾನ್ಯ ದಾರಿ ‘ಬ್ಲಾಕ್ಡ್ ಅಕೌಂಟ್’. 2024ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಮೊತ್ತ 11,904 ಯೂರೊ, ಅಂದರೆ ಸುಮಾರು 12 ಲಕ್ಷ ರೂಪಾಯಿ. ಇದು ಯಾರಿಗೋ ಕಟ್ಟುವ ಶುಲ್ಕವಲ್ಲ. ತಿಂಗಳಿಗೆ 992 ಯೂರೊದಂತೆ ವಿದ್ಯಾರ್ಥಿಗೇ ಮರಳುತ್ತದೆ. ಸಾಲ ತಂದು ಇಟ್ಟವರಿಗೆ ಬಡ್ಡಿಯ ಹೊರೆ ತಪ್ಪಿದ್ದಲ್ಲ. ಮ್ಯೂನಿಕ್‌ನಂಥ ನಗರದಲ್ಲಿ ಕೊಠಡಿ ಬಾಡಿಗೆಯೇ ಇದರ ಬಹುಪಾಲನ್ನು ನುಂಗಬಹುದು.

ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ವಿದ್ಯಾರ್ಥಿಗಳಿಗೆ ಅವಕಾಶವಿದೆ. ಆದರೆ ಸಿಗಬಹುದಾದ ಕೆಲಸವನ್ನೇ ನೆಚ್ಚಿಕೊಂಡು ಹೊರಡುವುದು ಜಾಣತನವಲ್ಲ.

ಮೊದಲು ಯಾವುದು?

2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳು ವೀಸಾ ಅರ್ಜಿಯೊಂದಿಗೆ ಎ.ಪಿ.ಎಸ್. ಪ್ರಮಾಣಪತ್ರ ಕೊಡಬೇಕು, ಕೆಲವರಿಗಷ್ಟೇ ವಿನಾಯಿತಿ. ಅಂಕಪಟ್ಟಿಗಳು ಅಸಲಿಯೇ ಎಂದು ಪರಿಶೀಲಿಸಿ ಇದನ್ನು ಕೊಡುವ ಕಚೇರಿ ದೆಹಲಿಯಲ್ಲಿದೆ. ಪ್ರವೇಶಪತ್ರ ಬಂದ ಮೇಲೆ ಇದಕ್ಕೆ ಓಡಾಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ನಕಲಿ ದಾಖಲೆ ಒದಗಿಸುವ ಮಧ್ಯವರ್ತಿಯ ಮಾತಿಗೆ ಮರುಳಾದರೆ ಹಣವೂ ಹೋದೀತು, ಅವಕಾಶವೂ ಹೋದೀತು.

ಪಿ.ಯು.ಸಿ. ಮುಗಿಸಿದವರಿಗೆ ಸಾಮಾನ್ಯವಾಗಿ ನೇರ ಪ್ರವೇಶ ಸಿಗದು. ಇಲ್ಲಿ ಒಂದು ವರ್ಷ ಪದವಿ ಓದಿರಬೇಕು, ಇಲ್ಲವೇ ಅಲ್ಲಿನ ಪೂರ್ವಸಿದ್ಧತಾ ಕೋರ್ಸು ಮುಗಿಸಬೇಕು. ಜೆ.ಇ.ಇ. ಅಡ್ವಾನ್ಸ್ಡ್ ತೇರ್ಗಡೆಯಾದವರಿಗೆ ಬೇರೆ ನಿಯಮವುಂಟು.

ವಾಸಸ್ಥಳ ನೋಡಿಯೇ ವೀಸಾ ಅರ್ಜಿ ಯಾವ ಕಚೇರಿಗೆ ಸೇರಿದ್ದೆಂದು ತೀರ್ಮಾನವಾಗುತ್ತದೆ. ಕರ್ನಾಟಕ, ಕೇರಳದವರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್.

ಇಳಿದ ಮೇಲೆ

ವೀಸಾ ದೇಶದೊಳಗೆ ಬಿಡುತ್ತದೆ, ಅಷ್ಟೆ. ಮನೆ ಸೇರಿದ ಎರಡು ವಾರದೊಳಗೆ ಪುರಸಭಾ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕು. ಆರೋಗ್ಯ ವಿಮೆ ಕಡ್ಡಾಯ. ವೀಸಾದ ಅವಧಿ ಮುಗಿಯುವ ಮೊದಲೇ ವಿದೇಶಿಯರ ಕಚೇರಿಗೆ ವಾಸದ ಪರವಾನಗಿಗಾಗಿ ಅರ್ಜಿ ಹಾಕಬೇಕು. ಪದವಿ ಪಡೆದವರು ಕೆಲಸ ಹುಡುಕಲು 18 ತಿಂಗಳವರೆಗೆ ಉಳಿಯಬಹುದು.

ಕೋರ್ಸು ಇಂಗ್ಲಿಷಿನಲ್ಲಿದ್ದರೂ ಮನೆಯ ಮಾಲೀಕರು, ಗುಮಾಸ್ತರು, ಅಂಗಡಿಯವರು ಆಡುವುದು ಜರ್ಮನ್. ಭಾಷಾ ತರಗತಿಗೆ ಇಲ್ಲಿ ಕೊಡುವ ಕೆಲವು ತಿಂಗಳು ಅಲ್ಲಿನ ಮೊದಲ ತಿಂಗಳ ಪರದಾಟವನ್ನು ತಗ್ಗಿಸುತ್ತದೆ. ಮಕ್ಕಳು ಹೊರಡುವ ಮುನ್ನ ಪೋಷಕರು ವೀಸಾ ಕಡತದ ಜೊತೆಗೆ ಈ ಎರಡನೇ ಪಟ್ಟಿಯನ್ನೂ ಅವರೊಡನೆ ಕುಳಿತು ಓದುವುದು ಒಳ್ಳೆಯದು.