ಸಬ್ರ್ ಅಂದರೆ ಸುಮ್ಮನಿರುವುದಾ? ನಾಲ್ಕು ತರ್ಜುಮೆ ತೆರೆದು ನೋಡಿ

'ಸ್ವಲ್ಪ ಸಬ್ರ್ ಮಾಡು' ಎಂಬ ಮಾತು ಕೇಳದ ಬ್ಯಾರಿ ಮನೆ ಇರಲಿಕ್ಕಿಲ್ಲ. ಗಲ್ಫಿನಲ್ಲಿ ಕೆಲಸ ಹೋಗಿ ಊರಿಗೆ ಬಂದ ಹುಡುಗನಿಗೆ ಅದನ್ನೇ ಹೇಳುತ್ತೇವೆ. ತಿಂಗಳುಗಟ್ಟಲೆ ಸಂಬಳ ಸಿಗದವನಿಗೂ ಅದನ್ನೇ ಹೇಳುತ್ತೇವೆ. ಗಂಡನ ಮನೆಯಲ್ಲಿ ಹೊಡೆತ ತಿಂದು ತವರಿಗೆ ಬಂದ ಮಗಳಿಗೂ ಅದೇ ಮಾತು. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕೇಳಿಸಿಕೊಂಡವರ ಕಿವಿಗೆ ಅದು 'ಬಾಯಿ ಮುಚ್ಚಿಕೊಂಡು ಇರು' ಎಂದೇ ಬೀಳುತ್ತದೆ.

ಸಬ್ರ್ ನಮ್ಮ ಮಾತಿನ ಶಬ್ದ ಮಾತ್ರವಲ್ಲ, ಪವಿತ್ರ ಕುರ್‌ಆನಿನ ಶಬ್ದ. ಬೇರೆ ಬೇರೆ ರೂಪಗಳಲ್ಲಿ ಅದು 100ಕ್ಕೂ ಹೆಚ್ಚು ಬಾರಿ ಬರುತ್ತದೆ. ಕನ್ನಡದಲ್ಲಿ ನಾವು ತಾಳ್ಮೆ ಅನ್ನುತ್ತೇವೆ, ಸಹನೆ ಅನ್ನುತ್ತೇವೆ. ಎರಡೂ ತಪ್ಪಲ್ಲ. ಆದರೆ ಒಂದೇ ತರ್ಜುಮೆ ಓದಿ ಒಂದೇ ಶಬ್ದಕ್ಕೆ ಅಂಟಿಕೊಂಡರೆ, ಅರಬಿ ಶಬ್ದದ ಅರ್ಧ ಅರ್ಥ ನಮ್ಮ ಕೈ ತಪ್ಪಿ ಹೋಗುತ್ತದೆ.

ಸೂರಃ ಅಲ್ ಬಕರದ 153ನೇ ಆಯತ್ ತೆಗೆಯಿರಿ. ಸಬ್ರ್ ಮತ್ತು ನಮಾಝ್‌ನ ಮೂಲಕ ಸಹಾಯ ಬೇಡಲು ಅಲ್ಲಿ ಹೇಳಲಾಗಿದೆ. ಇಂಗ್ಲಿಷಿನ ಮೂವರು ಅನುವಾದಕರನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. 1930ರಲ್ಲಿ ಪಿಕ್ತಾಲ್ ಇಲ್ಲಿ ಬಳಸಿದ್ದು ದೃಢತೆ ಎಂಬರ್ಥದ ಶಬ್ದ. ಆಮೇಲೆ ಬಂದ ಅಬ್ದುಲ್ಲಾ ಯೂಸುಫ್ ಅಲಿ, ತಾಳ್ಮೆಯ ಜೊತೆ ಪಟ್ಟು ಬಿಡದ ಪ್ರಯತ್ನವನ್ನೂ ಸೇರಿಸಿದರು. 1980ರಲ್ಲಿ ಮುಹಮ್ಮದ್ ಅಸದ್ ಅದನ್ನು ಅಲುಗಾಡದ ತಾಳ್ಮೆ ಅಂದರು. ಹಾಗಾದರೆ ಯಾರು ಸರಿ? ಮೂವರೂ ಒಂದೇ ಶಬ್ದದ ಬೇರೆ ಬೇರೆ ಮುಖ ತೋರಿಸುತ್ತಿದ್ದಾರೆ, ಅಷ್ಟೇ. ಅರಬಿಯಲ್ಲಿ ಸಬ್ರ್‌ನ ಮೂಲಾರ್ಥ ತಡೆದು ಹಿಡಿಯುವುದು. ಸಿಟ್ಟನ್ನು, ಭಯವನ್ನು, ಅವಸರವನ್ನು ಹಿಡಿದು ನಿಲ್ಲಿಸುವುದು. ಗಾಳಿಮಳೆಗೆ ಸಿಕ್ಕಿದ ದೋಣಿಯಲ್ಲಿ ಚುಕ್ಕಾಣಿ ಬಿಡದವನು ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತಾನೆ. ಆದರೆ ಅವನು ಸುಮ್ಮನೆ ಕೂತಿದ್ದಾನೆ ಎಂದು ಯಾರಾದರೂ ಹೇಳುತ್ತಾರಾ?

ಈ ಅರ್ಥ ಇಟ್ಟುಕೊಂಡು ಸೂರಃ ಯೂಸುಫ್ ಮತ್ತೊಮ್ಮೆ ಓದಿ. ಮಗ ಕಾಣೆಯಾದ ಸುದ್ದಿ ಬಂದಾಗ ಯಾಕೂಬ್ (ಅ) ಹೇಳಿದ್ದು 'ಸಬ್ರುನ್ ಜಮೀಲ್', ಅಂದರೆ ಸುಂದರವಾದ ಸಬ್ರ್. ಆ ಸುಂದರ ಸಬ್ರ್ ಹೇಗಿತ್ತು? ಅವರು ಅತ್ತರು, ದುಃಖದಿಂದ ಅವರ ಕಣ್ಣುಗಳು ಬಿಳಿಚಿಕೊಂಡವು. ತಮ್ಮ ಸಂಕಟವನ್ನು ಅಲ್ಲಾಹನಲ್ಲಿ ತೋಡಿಕೊಂಡರು. ಆಮೇಲೆ, ಹೋಗಿ ಯೂಸುಫ್‌ನನ್ನು ಹುಡುಕಿ, ನಿರಾಶರಾಗಬೇಡಿ ಎಂದು ಮಕ್ಕಳನ್ನು ಕಳಿಸಿದರು. ಕಣ್ಣೀರು, ದುಆ, ಹುಡುಕಾಟ ಮೂರೂ ಸಬ್ರ್‌ನ ಒಳಗೇ ಇವೆ.

ಹಾಗಾದರೆ ತವರಿಗೆ ಬಂದ ಮಗಳಿಗೆ ನಾವು ಏನು ಹೇಳಬೇಕು? ಗಂಡ ಹೆಂಡತಿಯ ನಡುವೆ ಬಿರುಕು ಬೀಳುವ ಭಯವಿದ್ದರೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಿ ಎಂದು ಸೂರಃ ಅನ್ನಿಸಾದ 35ನೇ ಆಯತ್ ಹೇಳುತ್ತದೆ. ಆ ಮಾತು ಇರುವುದು ಹಿರಿಯರಿಗೆ, ಜಮಾಅತ್‌ನವರಿಗೆ. ನಾವು ಮಾಡಬೇಕಾದ ಕೆಲಸ ಬಿಟ್ಟು ಅವಳೊಬ್ಬಳ ತಲೆ ಮೇಲೆ ಸಬ್ರ್ ಹೊರಿಸಿದರೆ ಅದು ನಸೀಹತ್ ಅಲ್ಲ, ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವುದು. ಸಂಬಳ ಸಿಗದ ಹುಡುಗನ ವಿಷಯವೂ ಹಾಗೆಯೇ. ಮನಸ್ಸು ಕೆಡಿಸಿಕೊಳ್ಳದೆ, ಹರಾಮಿನ ದಾರಿ ಹಿಡಿಯದೆ ತನ್ನ ದುಡಿಮೆಯ ಹಣ ಕೇಳುತ್ತಾ ಇರುವುದೂ ಸಬ್ರೇ.

'ತರ್ಜುಮೆ ಎಲ್ಲ ಯಾಕೆ, ಓದಿದರೆ ಗೊಂದಲ ಆಗುತ್ತದೆ' ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಇದು ಹೊಸ ಸಂಗತಿಯಲ್ಲ. 18ನೇ ಶತಮಾನದಲ್ಲಿ ದಿಲ್ಲಿಯ ಶಾಹ್ ವಲೀಉಲ್ಲಾಹ್ ಕುರ್‌ಆನನ್ನು ಪಾರ್ಸಿಗೆ ತಂದರು. ಅವರ ಇಬ್ಬರು ಮಕ್ಕಳು ಉರ್ದುವಿಗೆ ತಂದರು. ಶಾಹ್ ರಫೀಉದ್ದೀನ್ ಶಬ್ದಕ್ಕೆ ಶಬ್ದ ಇಟ್ಟು ಬರೆದರೆ, ಶಾಹ್ ಅಬ್ದುಲ್ ಖಾದಿರ್ ಜನರು ಮಾತಾಡುವ ಉರ್ದುವಿನಲ್ಲಿ ಬರೆದರು. ಒಂದೇ ಮನೆಯ ಅಣ್ಣತಮ್ಮಂದಿರು, ಎರಡು ರೀತಿಯ ತರ್ಜುಮೆ. ಅಣ್ಣನದ್ದು ಇದ್ದಾಗ ತಮ್ಮನದ್ದು ಬೇಡ ಎಂದು ಯಾರೂ ಅನ್ನಲಿಲ್ಲ. 19ನೇ ಶತಮಾನದಲ್ಲಿ ಕಣ್ಣೂರಿನ ಮಾಯಿನ್‌ಕುಟ್ಟಿ ಎಳಯ ಅರಬಿ ಮಲಯಾಳಂನಲ್ಲಿ ಬರೆದರು. ಹೈದರಾಬಾದ್ ನಿಝಾಮರ ಆಶ್ರಯದಲ್ಲಿ ಕೆಲಸ ಮಾಡಿದ ಪಿಕ್ತಾಲ್, ಕುರ್‌ಆನನ್ನು ಭಾಷಾಂತರಿಸಲು ಸಾಧ್ಯವೇ ಇಲ್ಲ ಎಂದು ನಂಬಿದ್ದರು. ಹಾಗಾಗಿ ಪುಸ್ತಕದ ಹೆಸರಿನಲ್ಲೇ 'ಅರ್ಥ' ಎಂಬ ಶಬ್ದ ಇಟ್ಟರು.

ಈಗ ಕನ್ನಡದಲ್ಲೂ ಕೊರತೆಯಿಲ್ಲ. ಶಾಂತಿ ಪ್ರಕಾಶನದ ಅನುವಾದವಿದೆ, ಅಬ್ದುಸ್ಸಲಾಮ್ ಪುತ್ತಿಗೆಯವರ 'ಕನ್ನಡದಲ್ಲಿ ಕುರ್‌ಆನ್' ಇದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಮದ್ರಸದಲ್ಲಿ ಅರಬಿ ಮಲಯಾಳಂ ಕಲಿತ ನಮಗೆ ಎರಡು ಮೂರು ತರ್ಜುಮೆ ಜೊತೆಗಿಟ್ಟು ಓದುವುದು ಕಷ್ಟವೂ ಅಲ್ಲ.

ಓದುವಾಗ ಕೆಲವು ವಿಷಯ ನೆನಪಿಡಿ. ಮೊದಲು ಅರಬಿ ಓದಿ, ಆಮೇಲೆ ತರ್ಜುಮೆ. ಆವರಣದೊಳಗೆ ಇರುವ ಶಬ್ದಗಳು ಹೆಚ್ಚಾಗಿ ಅನುವಾದಕರ ವಿವರಣೆ, ಅವುಗಳನ್ನು ಆಯತ್ ಎಂದು ತಿಳಿಯಬೇಡಿ. ಹಿಂದಿನ ಮುಂದಿನ ಆಯತ್‌ಗಳನ್ನೂ ನೋಡಿ. ಎರಡು ತರ್ಜುಮೆಯಲ್ಲಿ ಶಬ್ದ ಬೇರೆಯಾದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಉಸ್ತಾದರ ಬಳಿ ತೆಗೆದುಕೊಂಡು ಹೋಗಿ ಕೇಳಿ. ತಲಾಕ್, ಆಸ್ತಿ ಪಾಲಿನಂತಹ ವಿಷಯದಲ್ಲಿ ತರ್ಜುಮೆ ನೋಡಿ ನೀವೇ ತೀರ್ಪು ಕೊಡಬೇಡಿ, ಅದಕ್ಕೆ ಬಲ್ಲ ಆಲಿಮರಿದ್ದಾರೆ. ರಾತ್ರಿ ಊಟದ ನಂತರ ಹತ್ತು ನಿಮಿಷ, ಒಂದೇ ಒಂದು ಆಯತ್ ಸಾಕು. ಮಕ್ಕಳು ಓದಲಿ, ಉಮ್ಮ ಕೇಳಲಿ, ಉಮ್ಮ ಓದಲಿ, ಮಕ್ಕಳು ಕೇಳಲಿ.

ಸೂರಃ ಅಲ್ ಅಸ್ರ್ ನಮ್ಮ ಚಿಕ್ಕ ಮಕ್ಕಳಿಗೂ ಬಾಯಿಪಾಠ. ನಷ್ಟದಿಂದ ಪಾರಾಗುವವರು ಪರಸ್ಪರ ಉಪದೇಶಿಸುವ ಎರಡು ಸಂಗತಿಗಳು ಅದರಲ್ಲಿವೆ. ಎರಡನೆಯದು ಸಬ್ರ್, ಅದಕ್ಕಿಂತ ಮೊದಲು ಬರುವುದು ಹಕ್ಕ್. ತರ್ಜುಮೆಗಳಲ್ಲಿ ಅದು ಸತ್ಯ ಎಂದಾಗುತ್ತದೆ. ಕನ್ನಡದ 'ಹಕ್ಕು' ಕೂಡ ಅದೇ ಅರಬಿ ಶಬ್ದದಿಂದ ಬಂದದ್ದು. ಇನ್ನು ಮುಂದೆ ಯಾರಿಗಾದರೂ 'ಸಬ್ರ್ ಮಾಡು' ಎಂದು ಹೇಳುವ ಮೊದಲು, ಅವರ ಹಕ್ಕಿನ ಬಗ್ಗೆ ಒಂದು ಮಾತು ಆಡಿದ್ದೇವಾ ಎಂದು ನಮ್ಮನ್ನೇ ಕೇಳಿಕೊಳ್ಳೋಣ.