ಬೀಜಕ್ಕೂ ಒಂದು ಬ್ಯಾಂಕ್, ಆದ್ರೆ ಎಲ್ಲ ಮರಕ್ಕೂ ಅಲ್ಲಿ ಖಾತೆ ಸಿಗಲ್ಲ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಬೀಜ ಬ್ಯಾಂಕ್. ರಾಗಿ, ಭತ್ತದ ಬೀಜ ಬ್ಯಾಂಕ್ ಬಗ್ಗೆ ನೀವು ಕೇಳಿರ್ತೀರಿ. ನಾನು ಮಾತಾಡೋಕೆ ಹೊರಟಿರೋದು ಕಾಡುಗಿಡಗಳ ಬಗ್ಗೆ. ಯಾರೂ ಬಿತ್ತದ, ಯಾರೂ ಮಾರದ, ಆದ್ರೆ ಅಳಿವಿನ ಅಂಚಿಗೆ ಬಂದು ನಿಂತಿರೋ ಗಿಡಗಳು. ಅವುಗಳ ಬೀಜವನ್ನ ಹೇಗೆ ಕಾಪಾಡ್ತಾರೆ? ಎಲ್ಲವನ್ನೂ ಹಾಗೆ ಕಾಪಾಡೋಕೆ ಆಗುತ್ತಾ?

ನಾನು ಓದಿದ್ದು ಬಿ.ಕಾಂ. ಬ್ಯಾಂಕ್ ಅಂದ ತಕ್ಷಣ ಡೆಪಾಸಿಟ್, ಆಡಿಟ್, ವಿತ್‌ಡ್ರಾವಲ್ ನೆನಪಾಗುತ್ತೆ. ಇದೆಲ್ಲ ಬೀಜ ಬ್ಯಾಂಕಿನಲ್ಲೂ ಇದೆ. ಇಲ್ಲದಿರೋದು ಬಡ್ಡಿ ಮಾತ್ರ. ಇಲ್ಲಿಟ್ಟ ಆಸ್ತಿ ಪ್ರತಿ ವರ್ಷ ಸವೆಯುತ್ತೆ, ಅಕೌಂಟ್ಸ್ ಭಾಷೆಯಲ್ಲಿ ಡಿಪ್ರಿಸಿಯೇಷನ್. ಆ ಸವೆತವನ್ನ ಆದಷ್ಟು ನಿಧಾನ ಮಾಡೋದೇ ಬ್ಯಾಂಕಿನ ಕೆಲಸ.

ಡೆಪಾಸಿಟ್: ಕಾಡಿಗೆ ನಷ್ಟ ಆಗಬಾರದು

ಕಾಡುಗಿಡಗಳ ಬೀಜ ಬ್ಯಾಂಕ್‌ಗಳಲ್ಲಿ ಅತಿ ದೊಡ್ಡದು ಇಂಗ್ಲೆಂಡಿನ ವೇಕ್‌ಹರ್ಸ್ಟ್‌ನಲ್ಲಿದೆ. ಕ್ಯೂ ಸಸ್ಯೋದ್ಯಾನ ನಡೆಸೋ ಮಿಲೇನಿಯಂ ಸೀಡ್ ಬ್ಯಾಂಕ್. 2000ದಲ್ಲಿ ಶುರುವಾದ ಅಲ್ಲಿ ಈಗ 200 ಕೋಟಿಗೂ ಹೆಚ್ಚು ಬೀಜ ಇವೆ. ಅಲ್ಲಿಯವರು ಬೀಜ ಸಂಗ್ರಹಕ್ಕೆ ಪಾಲಿಸೋ ಎರಡು ನಿಯಮ ಮುಖ್ಯ. ಒಂದು, ಒಂದೇ ಗಿಡದಿಂದ ತುಂಬಿಸ್ಕೊಂಡು ಬರೋ ಹಾಗಿಲ್ಲ, ಸಾಧ್ಯವಾದ್ರೆ ಕನಿಷ್ಠ 50 ಗಿಡಗಳಿಂದ ಸ್ವಲ್ಪ ಸ್ವಲ್ಪ ತಗೋಬೇಕು. ಎಲ್ಲ ಬೀಜವೂ ಒಂದೇ ತಾಯಿಯ ಮಕ್ಕಳಾದ್ರೆ, ಮುಂದೆ ಒಂದು ರೋಗ ಬಂದ್ರೆ ಎಲ್ಲವೂ ಒಟ್ಟಿಗೆ ಹೋಗಬಹುದು. ಎರಡು, ಅವತ್ತು ಆ ಜಾಗದಲ್ಲಿ ಮಾಗಿರೋ ಬೀಜದಲ್ಲಿ ಶೇ 20ಕ್ಕಿಂತ ಹೆಚ್ಚು ಮುಟ್ಟಬಾರದು. ಉಳಿದದ್ದು ಕಾಡಿಗೆ, ಹಕ್ಕಿಗೆ, ಮುಂದಿನ ಮಳೆಗಾಲಕ್ಕೆ.

ಬೀಜದ ಜೊತೆ ಕೆವೈಸಿಯೂ ಬೇಕು! ಯಾವ ಜಾಗ, ಯಾವ ದಿನ, ಎಷ್ಟು ಗಿಡ, ಎಂಥ ಮಣ್ಣು ಅಂತ ಬರೀತಾರೆ. ಜೊತೆಗೆ ಆ ಗಿಡದ ಒಂದು ರೆಂಬೆಯನ್ನ ಒತ್ತಿ ಒಣಗಿಸಿ ಇಡ್ತಾರೆ, ಹೆಸರಿನ ಬಗ್ಗೆ ಮುಂದೆ ಅನುಮಾನ ಬಂದ್ರೆ ತೋರಿಸೋಕೆ. ಹೆಸರು, ಊರು ಗೊತ್ತಿಲ್ಲದ ಬೀಜವನ್ನ ವಾಪಸ್ ಎಲ್ಲಿ ನೆಡ್ತೀರಿ?

ಲಾಕರ್: ಮೊದಲು ಒಣಗಿಸಿ, ಆಮೇಲೆ ತಣ್ಣಗಿಡಿ

ಹಳ್ಳಿ ಮನೆಗಳಲ್ಲಿ ಹೀರೆ, ಸೋರೆ ಬೀಜಕ್ಕೆ ಬೂದಿ ಹಚ್ಚಿ, ಒಣಗಿಸಿ ಅಟ್ಟದ ಮೇಲೆ ಇಡ್ತಿದ್ರು. ಬೂದಿ ತೇವ ಹೀರುತ್ತೆ, ಹುಳ ತಡೆಯುತ್ತೆ. ಬೀಜ ಬ್ಯಾಂಕ್ ಮಾಡೋದೂ ಇದನ್ನೇ, ಅಳತೆ ಇಟ್ಟು. ಗಾಳಿಯ ತೇವಾಂಶ ಶೇ 15, ಉಷ್ಣತೆ 15 ಡಿಗ್ರಿ ಇರೋ ಕೋಣೆಯಲ್ಲಿ ಬೀಜವನ್ನ ವಾರಗಟ್ಟಲೆ ಇಡ್ತಾರೆ. ಬಿಸಿಲಿಗೆ ಹಾಕಲ್ಲ, ಬಿಸಿಗೆ ಬೀಜ ಬೇಗ ಮುದಿಯಾಗುತ್ತೆ. ಚೆನ್ನಾಗಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಗೋ ಫಾಯಿಲ್ ಪ್ಯಾಕೆಟ್ಟಿಗೋ ಹಾಕಿ ಮೈನಸ್ 20 ಡಿಗ್ರಿ ಕೋಣೆಗೆ ಕಳಿಸ್ತಾರೆ.

ಈ ಕ್ರಮ ತಪ್ಪೋ ಹಾಗಿಲ್ಲ. ಹಸಿ ಬೀಜವನ್ನ ನೇರ ಫ್ರೀಜರ್‌ಗೆ ಹಾಕಿದ್ರೆ ಒಳಗಿನ ನೀರು ಮಂಜುಗಡ್ಡೆಯಾಗಿ ಜೀವಕೋಶಗಳನ್ನ ಒಡೆದುಹಾಕುತ್ತೆ. ಬೀಜ ವಿಜ್ಞಾನದಲ್ಲಿ ಹ್ಯಾರಿಂಗ್ಟನ್ ಅನ್ನೋರ ಹೆಸರಲ್ಲಿ ಒಂದು ಅಂದಾಜು ಸೂತ್ರ ಇದೆ: ಬೀಜದೊಳಗಿನ ತೇವಾಂಶ ಶೇ 1ರಷ್ಟು ಇಳಿದ್ರೆ ಆಯಸ್ಸು ಎರಡು ಪಟ್ಟು, ಉಷ್ಣತೆ ಸುಮಾರು 5 ಡಿಗ್ರಿ ಇಳಿದ್ರೆ ಮತ್ತೆ ಎರಡು ಪಟ್ಟು. ಒಂದು ಮಿತಿಯೊಳಗೆ ಮಾತ್ರ ನಡೆಯೋ ಲೆಕ್ಕ ಇದು, ಆದ್ರೆ ಚಕ್ರಬಡ್ಡಿ ಥರಾನೇ ಕೆಲಸ ಮಾಡುತ್ತೆ. ಹೀಗಾಗಿ ಚೆನ್ನಾಗಿ ಒಣಗಿಸಿದ ಬೀಜ ಹತ್ತಾರು ವರ್ಷ, ಕೆಲವು ಜಾತಿಗಳಲ್ಲಿ ನೂರಾರು ವರ್ಷ ಬದುಕಬಹುದು ಅನ್ನೋದು ವಿಜ್ಞಾನಿಗಳ ಅಂದಾಜು.

ಆಡಿಟ್: ಖರ್ಚು ಮಾಡದೆ ಬ್ಯಾಲೆನ್ಸ್ ಗೊತ್ತಾಗಲ್ಲ

ಸತ್ತ ಬೀಜ, ಬದುಕಿರೋ ಬೀಜ ನೋಡೋಕೆ ಒಂದೇ ಥರ. ಅದಕ್ಕೇ ಕಾಲಕಾಲಕ್ಕೆ, ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ, ಬೇಗ ಕೆಡೋ ಜಾತಿಯಾದ್ರೆ ಇನ್ನೂ ಬೇಗ, ಒಂದಷ್ಟು ಬೀಜ ತೆಗೆದು ಮೊಳಕೆ ಬರಿಸಿ ನೋಡ್ತಾರೆ. ಫಜೀತಿ ಏನಂದ್ರೆ, ಪರೀಕ್ಷೆ ಮಾಡಿದಷ್ಟೂ ಬೀಜ ಖರ್ಚಾಗುತ್ತೆ. ಅಪರೂಪದ ಗಿಡದ 200 ಬೀಜ ಇದೆ ಅಂದ್ಕೊಳ್ಳಿ. ಒಂದು ಪರೀಕ್ಷೆಗೆ 50 ಹಾಕಿದ್ರೆ ನಾಲ್ಕೇ ಆಡಿಟ್‌ಗೆ ಖಾತೆ ಖಾಲಿ! ಹಾಗಾಗಿ ಅಂಥ ಬೀಜಗಳನ್ನ ಕಡಿಮೆ ಸಂಖ್ಯೆಯಲ್ಲಿ ಪರೀಕ್ಷೆ ಮಾಡಿ, ಮೊಳೆತ ಸಸಿಗಳನ್ನ ಬಿಸಾಡದೆ ಬೆಳೆಸ್ತಾರೆ.

ಇನ್ನೊಂದು ಮಾತು. ಮೊಳೆಯದ ಬೀಜ ಸತ್ತಿದೆ ಅಂತೇನೂ ಅಲ್ಲ, ಮಲಗಿರಬಹುದು. ನಮ್ಮ ಶ್ರೀಗಂಧವನ್ನೇ ನೋಡಿ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾಗಬಲ್ಲ ಪ್ರಭೇದ ಅಂತ ಇರೋ ಮರ. ಅದರ ಹೊಸ ಬೀಜ ಬಿದ್ದ ತಕ್ಷಣ ಮೊಳೆಯಲ್ಲ, ಸುಮಾರು ಎರಡು ತಿಂಗಳು ನಿದ್ದೆ. ನರ್ಸರಿಯವರು ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ ಎಬ್ಬಿಸ್ತಾರೆ. ಒಂದೊಂದು ಗಿಡದ ನಿದ್ದೆಗೂ ಒಂದೊಂದು ಬೀಗದ ಕೈ. ಅದು ಗೊತ್ತಿಲ್ದೆ ಬೀಜ ಮಾತ್ರ ಇಟ್ಕೊಂಡ್ರೆ, ಪಾಸ್‌ವರ್ಡ್ ಮರೆತ ಖಾತೆ ಥರ.

ವಿತ್‌ಡ್ರಾವಲ್: ಬೆಂಕಿ ಬಿದ್ದ ಮೇಲೆ

2019ರ ಡಿಸೆಂಬರ್‌ನಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಕಡ್ಲೀ ಕ್ರೀಕ್ ಪ್ರದೇಶ ಕಾಳ್ಗಿಚ್ಚಿಗೆ ಸಿಕ್ತು. ಕ್ಲೋವರ್ ಗ್ಲೈಸಿನ್ ಅನ್ನೋ ಅಪರೂಪದ ಸಣ್ಣ ಗಿಡ ಬೆಳೀತಿದ್ದ ಜಾಗ ಅದು. ಅಲ್ಲಿಂದ ವರ್ಷಗಳ ಹಿಂದೆ ಸಂಗ್ರಹಿಸಿದ್ದ ಬೀಜ ಇಂಗ್ಲೆಂಡಿನ ಮಿಲೇನಿಯಂ ಬ್ಯಾಂಕ್‌ನಲ್ಲಿತ್ತು. ಅದರಲ್ಲಿ ಒಂದಷ್ಟನ್ನ ತವರಿಗೆ ವಾಪಸ್ ಕಳಿಸಿದ್ರು. ಬೀಜವನ್ನ ಎರಡು ಕಡೆ ಇಡಬೇಕು ಅಂತ ಹೇಳೋದು ಇದಕ್ಕೇ. ಫೋನಿನ ಫೋಟೋಗೆ ಬ್ಯಾಕಪ್ ಇಡಲ್ವಾ? ಹಾಗೆ.

ಖಾತೆಯೇ ಸಿಗದ ಮರಗಳು

ಇಲ್ಲಿವರೆಗೂ ಹೇಳಿದ್ದೆಲ್ಲ ಒಣಗಿದರೂ ಸಾಯದ ಬೀಜಗಳ ಕಥೆ. ಈಗ ನಮ್ಮ ಉತ್ತರ ಕನ್ನಡಕ್ಕೆ ಬರೋಣ. ಸಿದ್ದಾಪುರ ತಾಲೂಕಿನ ಕತ್ತಲೆಕಾನು. ಹೆಸರೇ ಹೇಳೋ ಹಾಗೆ ದಟ್ಟ ಕಾಡು. ಅಲ್ಲಿ ವರ್ಷವಿಡೀ ನೀರು ನಿಲ್ಲೋ ರಾಮಪತ್ರೆ ಜಡ್ಡಿಗಳಿವೆ. ಮಂಡಿ ಮಡಿಚಿದ ಹಾಗೆ ಬೇರುಗಳು ಕೆಸರಿಂದ ಮೇಲೆದ್ದು ಉಸಿರಾಡ್ತವೆ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಅನ್ನೋ ಮರವನ್ನ ವಿಜ್ಞಾನಿಗಳು ಹೊಸ ಪ್ರಭೇದ ಅಂತ ಇಲ್ಲಿಂದಲೇ ದಾಖಲಿಸಿದ್ದು 2000ದಲ್ಲಿ. ಹೆಸರಲ್ಲೇ ನಮ್ಮ ಊರಿದೆ.

ಜಡ್ಡಿಯಲ್ಲಿ ಬೆಳೆಯೋ ರಾಮಪತ್ರೆ ಜಾತಿಯ ಮರಗಳ ಬೀಜ ದಪ್ಪ, ಹಸಿ. ಮಂಗಟ್ಟೆ ಹಕ್ಕಿ ಹಣ್ಣು ನುಂಗಿ ಬೀಜ ಉಗುಳುತ್ತೆ, ಕೆಳಗೆ ನೀರಿದೆ, ನೆರಳಿದೆ, ಬೀಜ ಮೊಳೆಯುತ್ತೆ. ಒಣಗಿ ಕಾಯೋ ಅಗತ್ಯವೇ ಅದಕ್ಕೆ ಬಂದಿಲ್ಲ. ಇಂಥ ಬೀಜಕ್ಕೆ ವಿಜ್ಞಾನದಲ್ಲಿ ರಿಕ್ಯಾಲ್ಸಿಟ್ರಂಟ್, ಅಂದ್ರೆ ಹೇಳಿದ ಮಾತು ಕೇಳದ ಬೀಜ ಅಂತಾರೆ. ಒಣಗಿಸಿದ್ರೆ ಸಾಯುತ್ತೆ. ಹಾಗೇ ಫ್ರೀಜ್ ಮಾಡಿದ್ರೂ ಸಾಯುತ್ತೆ. ಹಲಸು, ಮಾವಿನ ಬೀಜವೂ ಇದೇ ಥರ.

ಇದು ಒಂದೆರಡು ಮರದ ಸಮಸ್ಯೆ ಅಲ್ಲ. 2018ರಲ್ಲಿ ‘ನೇಚರ್ ಪ್ಲಾಂಟ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಅತಿ ಗಂಭೀರ ಅಪಾಯದಲ್ಲಿರೋ ಸಸ್ಯ ಪ್ರಭೇದಗಳಲ್ಲಿ ಸುಮಾರು ಶೇ 36ರಷ್ಟರ ಬೀಜ ಈ ವಿಧಾನಕ್ಕೆ ಒಗ್ಗಲ್ಲ. ಅಂದ್ರೆ ಬ್ಯಾಂಕ್ ಯಾರಿಗೆ ತುರ್ತಾಗಿ ಬೇಕೋ, ಅವರಲ್ಲೇ ಮೂರರಲ್ಲಿ ಒಬ್ಬರಿಗೆ ಖಾತೆ ಇಲ್ಲ.

ಹಾಗಾದ್ರೆ ದಾರಿ?

ಒಂದು, ಬೀಜದೊಳಗಿನ ಭ್ರೂಣವನ್ನಷ್ಟೇ ಬಿಡಿಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡೋದು. ದುಬಾರಿ ಕೆಲಸ, ಒಂದೊಂದು ಜಾತಿಗೂ ವಿಧಾನ ಹೊಸದಾಗಿ ಕಂಡುಹಿಡೀಬೇಕು. ಎರಡು, ಜೀವಂತ ಸಂಗ್ರಹ. ವಯನಾಡಿನ ಗುರುಕುಲ ಬೊಟಾನಿಕಲ್ ಸ್ಯಾಂಕ್ಚುಯರಿ ದಶಕಗಳಿಂದ ಪಶ್ಚಿಮ ಘಟ್ಟದ ಗಿಡಗಳನ್ನ ಹೀಗೇ ನೆಟ್ಟು, ಸಾಕಿ ಉಳಿಸ್ತಿದೆ. ಜಡ್ಡಿಯ ಮರಗಳಾದ್ರೆ ಬೀಜ ಬಿದ್ದ ಕೆಲವೇ ದಿನದಲ್ಲಿ ನರ್ಸರಿಗೆ ಒಯ್ದು, ಸಸಿ ಮಾಡಿ, ಮತ್ತೆ ನೀರಿನ ಜಾಗದಲ್ಲೇ ನೆಡಬೇಕು. ಮೂರನೇದು, ಎಲ್ಲಕ್ಕಿಂತ ಅಗ್ಗದ್ದು: ಇರೋ ಜಡ್ಡಿಯನ್ನ ಇದ್ದ ಹಾಗೆ ಬಿಡೋದು. ಗದ್ದೆಗೆ, ಅಡಿಕೆ ತೋಟಕ್ಕೆ ಅಂತ ನೀರು ತಿರುಗಿಸಿದ ಜಡ್ಡಿಗಳು ಎಷ್ಟೋ ಹೋಗಿವೆ. ಉಳಿದಿರೋದು ಚೂರು ಚೂರು.

ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಕಾಡಿನ ಮೇಲೆ ಯಾವುದಾದ್ರೂ ಯೋಜನೆ ಬಂದಾಗ ‘ಬೀಜ ಸಂಗ್ರಹ ಮಾಡ್ತೀವಿ, ಬೇರೆ ಕಡೆ ಗಿಡ ನೆಡ್ತೀವಿ’ ಅನ್ನೋ ಮಾತು ಸುಲಭವಾಗಿ ಬರುತ್ತೆ. ಮುಂದಿನ ಸಲ ಆ ಮಾತು ಕೇಳಿದಾಗ ಎರಡು ಪ್ರಶ್ನೆ ಕೇಳಿ. ಯಾವ ಮರದ ಬೀಜ? ಒಣಗಿಸಿದ್ರೆ ಬದುಕುತ್ತಾ? ಉತ್ತರ ‘ಇಲ್ಲ’ ಅಂತಾದ್ರೆ, ಆ ಮರಕ್ಕೆ ಇರೋ ಒಂದೇ ಬ್ಯಾಂಕ್ ಆ ಕಾಡು.

ನಿಮ್ಮೂರಲ್ಲಿ ಬೀಜ ಇಡೋ ಹಳೇ ಪದ್ಧತಿ ಏನಾದ್ರೂ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸೋಣ. ಆದ್ರೆ ಒಂದು ವಿನಂತಿ, ಕಾಡಿಗೆ ಹೋಗಿ ನೀವೇ ಬೀಜ ಆರಿಸ್ಕೊಂಡು ಬರಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.